ಕೋಳಿ ಮುಟ್ಟದ ಹನ್ನೊಂದು ಎಲೆ

ನನಗೆ ಗೆರೆ ಎಳೆಯುವ ಚಟವಿದೆ. ಬೇರೆಯವರಿಗೆ ಎಲೆಅಡಿಕೆ, ನಶ್ಯ, ಪಕ್ಕದ ಮನೆಯ ಸುದ್ದಿ ಹೇಗೋ ನನಗೆ ಅಡಿಪಟ್ಟಿ ಮತ್ತು ಕೆಂಪು ಶಾಯಿ ಹಾಗೆ. ಖಾಲಿ ಹಾಳೆ ಕಂಡರೆ ಕೈ ತುರಿಸುತ್ತದೆ. ಮೇಲೊಂದು ಗೆರೆ, ಕೆಳಗೊಂದು, ನಡುವೆ ಉದ್ದಕ್ಕೆ ಎರಡು. ನೋಡುನೋಡುತ್ತಿದ್ದಂತೆ ಹಾಳೆ ತಾಲ್ಲೂಕು ಕಚೇರಿಯ ಮುಖ ಮಾಡಿಕೊಂಡು ಗಂಭೀರವಾಗುತ್ತದೆ. ಮನೆಯಲ್ಲಿ ಅವ್ವನ ಉಪ್ಪಿನಕಾಯಿ ಜಾಡಿಗಳಿಗೂ ನಾನೊಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ: ಜಾಡಿಯ ಸಂಖ್ಯೆ, ತುಂಬಿದ ದಿನ, ಷರಾ. ಷರಾ ಎಂಬ ಜಾಗದಲ್ಲಿ ಅವ್ವ ದಿನಾ ಎಣ್ಣೆಗೈ ಒರೆಸಿಕೊಳ್ಳುತ್ತಿದ್ದಳು. ಅದನ್ನೂ ನಾನು ಉಪಯೋಗವೆಂದೇ ಲೆಕ್ಕ ಹಿಡಿದೆ.

ಈ ನಿರುಪದ್ರವಿ ಚಟದಿಂದ ಹನ್ನೊಂದು ಹೆಂಗಸರು ತುಂಬಿದ ಎಲೆಯ ಮುಂದೆ ಉಪವಾಸ ಕೂತರು, ಇಬ್ಬರು ಸಾಹೇಬರು ಮಾತು ಬಿಟ್ಟರು, ಬೊಂಬಾಯಿಯಿಂದ ಒಬ್ಬ ಅಧಿಕಾರಿ ಸೂಟ್‌ಕೇಸು ಹಿಡಿದುಕೊಂಡು ಚಳ್ಳಕೆರೆಯ ಬಿಸಿಲಿಗೆ ಬಂದಿಳಿದ. ಇದರಲ್ಲಿ ನನ್ನ ತಪ್ಪೆಷ್ಟು, ಕೋಳಿಯ ತಪ್ಪೆಷ್ಟು, ಕಂಪನಿಯ ತಪ್ಪೆಷ್ಟು ಎಂದು ನನಗೆ ಇನ್ನೂ ಬಗೆಹರಿದಿಲ್ಲ. ಬರೆಯುತ್ತಾ ಹೋದರೆ ಬಗೆಹರಿಯಬಹುದು ಎಂಬ ಆಸೆಯಿಂದ ಕೂತಿದ್ದೇನೆ. ಆಸೆ ಎಂದೆ, ನಂಬಿಕೆ ಎನ್ನಲಿಲ್ಲ.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ಎಲ್ಲ ವಿಷಯಗಳಲ್ಲೂ ನನಗೆ ಹೆಚ್ಚು ಇಷ್ಟವಾದ ವಿಷಯ ಅದೇ. ನನಗೀಗ ಹತ್ತೊಂಬತ್ತು. ಈ ಕಥೆ ನಡೆದಾಗ ಹದಿನೆಂಟು. ಅಪ್ಪನದು ಮಾರುಕಟ್ಟೆ ಯಾರ್ಡಿನ ಎದುರು ಗೋಣಿಚೀಲದ ಅಂಗಡಿ. ನಾನು ಇಂಗ್ಲಿಷ್ ಟೈಪಿಂಗ್ ಸೀನಿಯರ್, ಕನ್ನಡ ಟೈಪಿಂಗ್ ಸೀನಿಯರ್, ಎರಡರಲ್ಲೂ ಫಸ್ಟ್ ಕ್ಲಾಸು. ಪಿಯುಸಿಯಲ್ಲಿ ಒಂದು ವಿಷಯ ಉಳಿದಿದೆ. ಅದು ಇಲ್ಲಿ ಅಪ್ರಸ್ತುತ. ನಮ್ಮ ಊರಲ್ಲಿ ಎಣ್ಣೆ ಮಿಲ್ಲುಗಳಿಗೇನೂ ಬರವಿಲ್ಲ, ಆದರೆ ನಾನು ಕೆಲಸಕ್ಕೆ ಸೇರಿದ್ದು ಮಿಲ್ಲಿಗಲ್ಲ, ಕಂಪನಿಗೆ. ವ್ಯತ್ಯಾಸ ದೊಡ್ಡದು. ಮಿಲ್ಲಿನಲ್ಲಿ ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಾನೆ, ಬೈಯಬೇಕೆನಿಸಿದರೆ ಅಲ್ಲಿಂದಲೇ ಬೈಯುತ್ತಾನೆ. ಕಂಪನಿಯ ಮಾಲೀಕ ಬೊಂಬಾಯಿಯಲ್ಲಿರುತ್ತಾನೆ, ಅವನ ಬೈಗುಳ ಮೂರು ಪ್ರತಿಗಳಲ್ಲಿ ಟೈಪಾಗಿ ಬರುತ್ತದೆ. ಅದನ್ನು ಇಲ್ಲಿಯವರಿಗೆ ಹಂಚಲು ಮತ್ತೆ ಟೈಪು ಮಾಡುವ ಟ್ರೈನಿ ನಾನು. ಅಂದರೆ ಕಂಪನಿಯ ಕೋಪ ನನ್ನ ಬೆರಳುಗಳ ಮೂಲಕವೇ ಹರಿಯಬೇಕು. ಸೇರಿದ ಮೊದಲ ವಾರ ಬೀದಿಯವರಿಗೆಲ್ಲ ಇದನ್ನು ಹೀಗೆಯೇ ಹೇಳಿದ್ದೆ.

ಆಫೀಸಿನಲ್ಲಿ ಒಂದು ಕಂಪ್ಯೂಟರೂ ಇತ್ತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಅದಕ್ಕೆ ಹೂವಿನ ಚಿತ್ರದ ಬಟ್ಟೆ ಹೊದಿಸಿದ್ದರು. ಒಳಗೆ ಏನಿತ್ತೋ ಗೊತ್ತಿಲ್ಲ. ನಾನು ಸೇರಿದ ಮೇಲೆ ಬಟ್ಟೆ ತೆಗೆದದ್ದು ಆಯುಧಪೂಜೆಗೆ ಮಾತ್ರ.

ಆಫೀಸಿನಲ್ಲಿ ಇಬ್ಬರು ಸಾಹೇಬರು. ಹೆಸರು ಹೇಳುವುದು ಶಿಷ್ಟಾಚಾರವಲ್ಲ, ಹೀಗಾಗಿ ಒಬ್ಬರನ್ನು ಕನ್ನಡಕದ ಸಾಹೇಬರು ಎನ್ನೋಣ. ಆಳುಕಾಳು, ರಜೆ, ನೋಟೀಸು ಎಲ್ಲ ಅವರದು. ಇನ್ನೊಬ್ಬರು ಮೀಸೆ ಸಾಹೇಬರು. ಯಂತ್ರ, ಶೇಂಗಾ, ಎಣ್ಣೆ ಅವರದು. ದೀಪಾವಳಿಗೆ ಫ್ಯಾಕ್ಟರಿ ಮ್ಯಾನೇಜರು ನಿವೃತ್ತಿಯಾಗುವವರಿದ್ದರು. ಅವರ ತಿರುಗುವ ಕುರ್ಚಿಯ ಮೇಲೆ ಇಬ್ಬರ ಕಣ್ಣೂ ಬಿದ್ದಿತ್ತು. ಮ್ಯಾನೇಜರು ಊಟಕ್ಕೆ ಹೋದಾಗ ಇಬ್ಬರೂ ಬೇರೆಬೇರೆ ಹೊತ್ತಿನಲ್ಲಿ ಒಳಗೆ ಹೋಗಿ ಅದರಲ್ಲಿ ಕೂತು ಒಂದು ಸುತ್ತು ತಿರುಗಿ ಬರುತ್ತಾರೆ ಎಂದು ಅಟೆಂಡರ್ ಓಬಳೇಶು ನನಗೆ ಹೇಳಿದ್ದ. ಓಬಳೇಶು ಮೊಳಕಾಲ್ಮೂರಿನವನು, ಅರ್ಧ ತೆಲುಗು, ಅರ್ಧ ಕನ್ನಡ, ಆಣೆ ಮಾತ್ರ ಎರಡರಲ್ಲೂ ಹಾಕುತ್ತಾನೆ, ಹೀಗಾಗಿ ನಂಬಲೇಬೇಕು.

ಯಾರು ಯಾವ ಸಾಹೇಬರ ಕಡೆ ಎಂದು ತಿಳಿಯುವುದಕ್ಕೆ ಚಹಾದ ಹೊತ್ತು ನೋಡಬೇಕಿತ್ತು. ಹತ್ತೂವರೆಗೆ ಕುಡಿಯುವವರು ಕನ್ನಡಕದವರ ಕಡೆ, ಹನ್ನೊಂದಕ್ಕೆ ಕುಡಿಯುವವರು ಮೀಸೆಯವರ ಕಡೆ. ನನಗೆ ಯಾರೂ ಇದನ್ನು ಹೇಳಿರಲಿಲ್ಲ. ನಾನು ಎರಡು ಹೊತ್ತೂ ಕುಡಿಯುತ್ತಿದ್ದೆ. ಕೊಟ್ಟರೆ ಕುಡಿಯಬಾರದೇ? ಒಂದು ತಿಂಗಳಾದ ಮೇಲೆ ಗೊತ್ತಾಯಿತು, ಎರಡೂ ಕಡೆಯವರು ನನ್ನನ್ನು ಇನ್ನೊಂದು ಕಡೆಯ ಗೂಢಚಾರಳೆಂದು ತಿಳಿದು ನನ್ನೆದುರು ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಚಳ್ಳಕೆರೆಯ ಹವಾಮಾನದ ಬಗ್ಗೆ ಎಷ್ಟೆಂದು ಮಾತಾಡಲು ಸಾಧ್ಯ? ಬಿಸಿಲು ಎಂದರೆ ಮುಗಿಯಿತು.

ಇನ್ನು ಬೋರಮ್ಮ. ಈ ಬರಹದಲ್ಲಿ ನಿಜವಾಗಿ ಕಳೆದುಕೊಳ್ಳುವುದು ಏನಾದರೂ ಇದ್ದದ್ದು ಅವರಿಗೆ ಮಾತ್ರ, ಹೀಗಾಗಿ ನನ್ನ ನಂತರವಾದರೂ ಅವರಿಗೆ ಜಾಗ ಕೊಡಬೇಕು. ತಳಕಿನ ಹತ್ತಿರದ ಒಂದು ಹಟ್ಟಿಯವರು. ರಫ್ತಿಗೆ ಹೋಗುವ ಶೇಂಗಾ ಬೀಜ ಆರಿಸುವ ದೊಡ್ಡ ಕೋಣೆಯಲ್ಲಿ, ಅಂದರೆ ಕಂಪನಿಯವರು ಹಾಲು ಎನ್ನುವಲ್ಲಿ, ಅವರದೇ ಹಟ್ಟಿಯ ಹತ್ತು ಹೆಂಗಸರ ಮುಂದಾಳು. ಕೈಯಲ್ಲಿ ಬೀಜ ಹರಡಿದರೆ ಸುಕ್ಕಿದ್ದು, ಒಡೆದದ್ದು, ಕಪ್ಪಾದದ್ದು ತಾನಾಗಿ ನಾಚಿಕೊಂಡು ಪಕ್ಕಕ್ಕೆ ಸರಿಯುತ್ತದೇನೋ ಎನ್ನುವಷ್ಟು ಬೇಗ ಆರಿಸುತ್ತಿದ್ದರು. ಹನ್ನೆರಡು ವರ್ಷದಿಂದ ಅದೇ ಕೆಲಸ. ಆದರೆ ಕಂಪನಿಯ ಪುಸ್ತಕದಲ್ಲಿ ಅವರು ಹೊಸಬರು. ಹೇಗೆಂದರೆ ಪ್ರತಿ ವರ್ಷ ಮಾರ್ಚಿ ಕೊನೆಗೆ ಹನ್ನೊಂದು ಜನರನ್ನೂ ಕೆಲಸದಿಂದ ತೆಗೆಯುತ್ತಿದ್ದರು, ನಾಲ್ಕು ದಿನ ಬಿಟ್ಟು ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಸತತವಾಗಿ ದುಡಿದರೆ ಕಾಯಂ ಮಾಡಬೇಕಾಗುತ್ತದಲ್ಲ, ಅದಕ್ಕೆ. ನಾನು ಫೆಬ್ರವರಿಯಲ್ಲಿ ಸೇರಿದವಳು. ಏಪ್ರಿಲ್ ಬಂದಾಗ ಪುಸ್ತಕದ ಪ್ರಕಾರ ನಾನು ಬೋರಮ್ಮನಿಗಿಂತ ಎರಡು ತಿಂಗಳು ಸೀನಿಯರ್ ಆಗಿಬಿಟ್ಟೆ. ಅವರು ಕಂಪನಿ ಸೇರಿದಾಗ ನಾನು ಒಂದನೇ ಕ್ಲಾಸಿನಲ್ಲಿ ಸ್ಲೇಟು ನೆಕ್ಕುತ್ತಿದ್ದೆ. ಇದು ಹೇಗೆ ಸಾಧ್ಯ ಎಂದು ಕನ್ನಡಕದ ಸಾಹೇಬರನ್ನು ಕೇಳಿದೆ. ಅವರು ಬಹಳ ಹೊತ್ತು ವಿವರಿಸಿದರು. ಮೊದಲು ಸ್ವಲ್ಪ ಅರ್ಥವಾಗಿತ್ತು, ವಿವರಿಸಿದ ಮೇಲೆ ಅದೂ ಹೋಯಿತು.

ಆ ವರ್ಷ ಯಾವ ಪುಣ್ಯಾತ್ಮನಿಗೆ ಏನನಿಸಿತೋ, ಹನ್ನೊಂದು ಜನರನ್ನೂ ಕಾಯಂ ಮಾಡುವ ಪಟ್ಟಿ ಬೊಂಬಾಯಿಯಲ್ಲಿ ತಯಾರಾಯಿತು. ಜನರಲ್ ಮ್ಯಾನೇಜರು ಸ್ವತಃ ಬಂದು, ಎಲ್ಲರ ಜೊತೆ ಊಟ ಮಾಡಿ, ಊಟದ ಮೇಲೆ ಪಟ್ಟಿ ಓದುತ್ತಾರೆ ಎಂದು ಸುದ್ದಿ ಬಂತು. ಊಟದ ಏರ್ಪಾಡು ಕನ್ನಡಕದ ಸಾಹೇಬರದು. ಯಾರು ಏನು ತಿನ್ನುತ್ತಾರೆ ಎಂದು ಬರೆದುಕೊಂಡು ಬಾ ಎಂದು ನನಗೆ ಹೇಳಿದರು. ಅಡಿಪಟ್ಟಿ ಹಿಡಿದವಳಿಗೆ ಇದಕ್ಕಿಂತ ಭಾಗ್ಯ ಬೇಕೇ? ಕ್ರಮಸಂಖ್ಯೆ, ಹೆಸರು, ವೆಜ್, ನಾನ್‌ವೆಜ್, ಸಹಿ. ನಾನು ಅದುವರೆಗೆ ಎಳೆದ ಗೆರೆಗಳಲ್ಲೇ ಅತಿ ನೇರವಾದ ಗೆರೆಗಳು ಅವು. ಸಾಹೇಬರೂ ಮೆಚ್ಚಿ ಕೆಳಗೆ ಸಹಿ ಹಾಕಿದರು.

ಇಲ್ಲಿ ನಾವು ಸಸ್ಯಾಹಾರಿಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಚಟ್ನಿಪುಡಿ ಐದು ಬಗೆ. ಶೇಂಗಾದ್ದನ್ನು ಅಗಸಿಯದೆಂದು ಹೇಳಿದರೆ ಅಜ್ಜಿ ಊಟ ಬಿಟ್ಟು ಎದ್ದಾಳು. ಗುರೆಳ್ಳಿನದಕ್ಕೂ ಎಳ್ಳಿನದಕ್ಕೂ ಇರುವ ವ್ಯತ್ಯಾಸದ ಮೇಲೆ ನಮ್ಮಲ್ಲಿ ಬೀಗರು ಬೀಗರೇ ಜಗಳವಾಡಿದ್ದಾರೆ. ಆದರೆ ನಮ್ಮ ಬೇಲಿಯ ಆಚೆಗಿನ ಊಟವೆಲ್ಲ ನಮಗೆ ಒಂದೇ: ನಾನ್‌ವೆಜ್. ಕುರಿ, ಕೋಳಿ, ಮೀನು, ಮೊಲ ಎಲ್ಲ ಒಂದೇ ಕಾಲಮ್ಮಿನೊಳಗೆ ಒತ್ತಿಕೊಂಡು ಕೂರಬೇಕು. ಬಸ್ಸಿನಲ್ಲಿ ಹಿಂದಿನ ಸೀಟಿನವರ ಹಾಗೆ.

ಆರಿಸುವ ಹಾಲಿಗೆ ಹೋಗಿ ಗತ್ತಿನಿಂದ ನಿಂತು, ವೆಜ್ಜೋ ನಾನ್‌ವೆಜ್ಜೋ ಎಂದು ಕೇಳಿದೆ. ಬೋರಮ್ಮ ತಲೆ ಎತ್ತಲಿಲ್ಲ, ಬೆರಳು ನಿಲ್ಲಿಸಲಿಲ್ಲ.

"ಯಾವ ಬಾಡು ಮಾಡುಸ್ತಾರಂತೆ?"

"ಬಾಡು ಅಂದ್ರೆ ಬಾಡೇ ಅಲ್ವೇನ್ರಿ," ಎಂದೆ.

"ಸಾವ್ಕಾರ್ರ ಮಗಳಿಗೆ ಕುರಿಗೆಷ್ಟು ಕಾಲು, ಕೋಳಿಗೆಷ್ಟು ಕಾಲು ಅಂತನಾದ್ರೂ ಗೊತ್ತೈತಾ ಕೇಳ್ರೇ," ಎಂದು ಬೋರಮ್ಮ ಉಳಿದವರಿಗೆ ಹೇಳಿದರು. ಹತ್ತೂ ಜನ ನಕ್ಕರು. ನನಗೆ ಕಿವಿ ಬಿಸಿಯಾಯಿತು.

ನನ್ನ ಇನ್ನೊಂದು ದೋಷವನ್ನು ಇಲ್ಲಿ ಒಪ್ಪಿಕೊಳ್ಳಬೇಕು. 'ನನಗೆ ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಲ್ಲಿ ಹುಟ್ಟಿಲ್ಲ. ದಾರಿ ಕೇಳಿದವರನ್ನು ನಾನು ಎತ್ತ ಕಡೆಗಾದರೂ ಕಳಿಸಿದ್ದೇನೆಯೇ ಹೊರತು ಗೊತ್ತಿಲ್ಲವೆಂದು ವಾಪಸು ಕಳಿಸಿಲ್ಲ. ಹೀಗಾಗಿ, ಮೆನು ನಾನೇ ತೀರ್ಮಾನ ಮಾಡಿದವಳಂತೆ, "ಕುರಿನೇ. ಬೊಂಬಾಯಿ ಸಾಹೇಬ್ರು ಬರ್ತಾರೆ ಅಂದ್ಮೇಲೆ ಇನ್ನೇನ್ ಮಾಡುಸ್ತಾರೆ," ಎಂದುಬಿಟ್ಟೆ. ಹನ್ನೊಂದು ಜನ ನಾನ್‌ವೆಜ್ ಕಾಲಮ್ಮಿನ ಮುಂದೆ ಒಬ್ಬೊಬ್ಬರಾಗಿ ಹೆಬ್ಬೆಟ್ಟೋ ಸಹಿಯೋ ಒತ್ತಿದರು. ಬೋರಮ್ಮನದು ಸಹಿ, ಬಿಡಿಸಿ ಬಿಡಿಸಿ, ಒಂದೊಂದು ಅಕ್ಷರವನ್ನೂ ಆರಿಸಿಟ್ಟ ಹಾಗೆ.

ಊಟದ ದಿನ ಬಂತು. ಶಾಮಿಯಾನ, ಬಾಳೆಎಲೆ, ಎರಡು ಸಾಲು. ನಾನು ವೆಜ್ ಸಾಲಿನಲ್ಲಿ ಹೋಳಿಗೆಗೆ ಹೆಚ್ಚು ಹತ್ತಿರವಾಗುವ ಕಡೆ ಕೂತಿದ್ದೆ. ಎದುರಿನ ಸಾಲಿನಲ್ಲಿ ಬಡಿಸಿದ್ದು ಕೋಳಿ. ಜನರಲ್ ಮ್ಯಾನೇಜರಿಗೆ ಕೋಳಿ ಇಷ್ಟವಂತೆ, ಅವರಿಗೆ ಇಷ್ಟವಾದದ್ದು ಎಲ್ಲರಿಗೂ ಇಷ್ಟವಾಗಲಿ ಎಂದು ಕನ್ನಡಕದ ಸಾಹೇಬರು ಉದಾರವಾಗಿ ಯೋಚಿಸಿದ್ದರು.

ಬೋರಮ್ಮನ ಹಟ್ಟಿಯವರು ಕೋಳಿ ಮುಟ್ಟುವುದಿಲ್ಲ. ತಿನ್ನುವುದು ಹಾಗಿರಲಿ, ಸಾಕುವುದಿಲ್ಲ, ಕೋಳಿ ಅವರ ಮನೆಯ ಹೊಸ್ತಿಲು ದಾಟುವಂತಿಲ್ಲ. ಕುರಿಯಾದರೆ ಹಬ್ಬ, ಕೋಳಿಯಾದರೆ ಮೈಲಿಗೆ. ನಮ್ಮ ಸೀಮೆಯ ಅನೇಕ ಹಟ್ಟಿಗಳಲ್ಲಿ ಇದು ತಲೆತಲಾಂತರದಿಂದ ಬಂದ ಕಟ್ಟು. ಯಾಕೆ ಎಂದು ಆಮೇಲೆ ನಾಲ್ಕು ಜನ ಹಿರಿಯರನ್ನು ಕೇಳಿದೆ. ನಾಲ್ಕು ಕಥೆ ಹೇಳಿದರು, ನಾಲ್ಕಕ್ಕೂ ದೇವರನ್ನೇ ಸಾಕ್ಷಿ ಹಾಕಿದರು. ಚಳ್ಳಕೆರೆ ಪೇಟೆಯಲ್ಲೇ ಹುಟ್ಟಿ, ಹಟ್ಟಿಗಳ ಪಕ್ಕದ ರಸ್ತೆಯಲ್ಲೇ ನೂರು ಸಲ ಬಸ್ಸಿನಲ್ಲಿ ಹೋಗಿಬಂದ ನನಗೆ ಇದು ಗೊತ್ತಿರಲಿಲ್ಲ. ಆ ಹಟ್ಟಿಗಳಲ್ಲಿ ಬೆಳಗಿನ ಜಾವ ಕೋಳಿ ಕೂಗುವುದಿಲ್ಲ ಎಂಬುದನ್ನು ಗಮನಿಸಬೇಕಾದರೆ ಬೆಳಗಿನ ಜಾವ ಎದ್ದಿರಬೇಕಲ್ಲ.

ಅನ್ನದ ಮೇಲೆ ಕೋಳಿಸಾರು ಬಿದ್ದ ಮೇಲೆ ಅನ್ನವನ್ನೂ ಮುಟ್ಟುವಂತಿಲ್ಲ. ಬೋರಮ್ಮ ಓಬಳೇಶುವನ್ನು ಕರೆದು, ನಮ್ಮನ್ನು ಆ ಕಡೆ ಸಾಲಿಗೆ ಕೂರಿಸು ಎಂದು ಮೆಲ್ಲಗೆ ಕೇಳಿದರಂತೆ. ಅವನು ನನ್ನ ಸುಂದರವಾದ ಹಾಳೆಯನ್ನು ತೋರಿಸಿ, ನಿಮ್ಮ ಹೆಸರು ಈ ಕಡೆ ಐತೆ, ಆ ಕಡೆ ಎಲೆ ಎಣಿಸಿ ಹಾಕೈತೆ ಎಂದನಂತೆ. ಪಂಕ್ತಿಯಲ್ಲಿ ನಡುವೆ ಎದ್ದು ಹೋಗುವುದು ಅನ್ನಕ್ಕೂ ಅತಿಥಿಗೂ ಅವಮಾನ. ಹೀಗಾಗಿ ಹನ್ನೊಂದು ಜನ ತುಂಬಿದ ಎಲೆಯ ಮುಂದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಉಳಿದವರ ಊಟ ಮುಗಿಯುವವರೆಗೆ ಕೂತರು. ಜನರಲ್ ಮ್ಯಾನೇಜರು ನಗುತ್ತಾ ಸಾಲು ನೋಡುತ್ತಾ ಬಂದರು. ಆ ಹನ್ನೊಂದು ಎಲೆಗಳ ಮುಂದೆ ನಗು ನಿಂತಿತು. ಕನ್ನಡಕದ ಸಾಹೇಬರನ್ನು ನೋಡಿದರು. ಕನ್ನಡಕದ ಸಾಹೇಬರು ಮೀಸೆ ಸಾಹೇಬರನ್ನು ನೋಡಿದರು. ಮೀಸೆ ಸಾಹೇಬರು ಶಾಮಿಯಾನ ನೋಡಿದರು. ನಾನು ಮೂರನೆಯ ಹೋಳಿಗೆ ನೋಡುತ್ತಿದ್ದೆ.

ಪಟ್ಟಿ ಓದಲಿಲ್ಲ. ಅದು ಬಂದ ಹಾಗೆಯೇ ಕಾರಿನಲ್ಲಿ ಕೂತು ಬೊಂಬಾಯಿಗೆ ಹೋಯಿತು.

ಮಾರನೇ ದಿನ ನಾನು ಟೈಪು ಮಾಡಿದ ನೋಟೀಸಿನಲ್ಲಿ ಆ ಊಟಕ್ಕೆ 'ಭೋಜನ ಬಹಿಷ್ಕಾರ' ಎಂದು ಹೆಸರಿಟ್ಟಿದ್ದರು. ಹತ್ತು ಜನರನ್ನು ಪ್ರಚೋದಿಸಿದ ಮುಖ್ಯ ಆರೋಪಿ ಬೋರಮ್ಮ. ಕನ್ನಡಕದ ಸಾಹೇಬರ ವಾದ: ಮೀಸೆಯವರಿಗೆ ತಮ್ಮ ಹಾಲಿನ ಹೆಂಗಸರ ಮೇಲೆ ಹಿಡಿತವಿಲ್ಲ, ಇಂಥವರು ಫ್ಯಾಕ್ಟರಿ ಹೇಗೆ ನಡೆಸುತ್ತಾರೆ? ಮೀಸೆ ಸಾಹೇಬರ ವಾದ: ಕನ್ನಡಕದವರಿಗೆ ಒಂದು ಊಟ ಹಾಕಿಸಲು ಬರುವುದಿಲ್ಲ, ಇಂಥವರು ಫ್ಯಾಕ್ಟರಿ ಹೇಗೆ ನಡೆಸುತ್ತಾರೆ? ಇಬ್ಬರೂ ತಮ್ಮ ತಮ್ಮ ಪತ್ರವನ್ನು ನನ್ನಿಂದಲೇ ಟೈಪು ಮಾಡಿಸಿದರು. ನಾನು ಹತ್ತೂವರೆಗೆ ಒಂದು ಪಕ್ಷದ ಕಡೆ ಸಿಟ್ಟಿನಿಂದ ಟೈಪು ಮಾಡಿ, ಹನ್ನೊಂದಕ್ಕೆ ಇನ್ನೊಂದು ಪಕ್ಷದ ಕಡೆ ಅಷ್ಟೇ ಸಿಟ್ಟಿನಿಂದ ಟೈಪು ಮಾಡಿದೆ. ಎರಡೂ ನನಗೆ ನ್ಯಾಯವೆಂದೇ ಕಂಡವು. ಒಳ್ಳೆಯ ಟೈಪಿಸ್ಟಿಗೆ ಇದು ದೊಡ್ಡ ಅಪಾಯ. ಬೆರಳ ಕೆಳಗೆ ಬಂದದ್ದೆಲ್ಲ ನಿಜವೆನಿಸುತ್ತದೆ.

ನಾವು ಕೋಳಿ ಮುಟ್ಟಲ್ಲ ಎಂದು ಬೋರಮ್ಮ ಉತ್ತರ ಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಹಿಷ್ಕಾರದ ಆರೋಪ ಬಿದ್ದುಹೋಯಿತು, ಅದರ ಜಾಗಕ್ಕೆ ಇನ್ನೊಂದು ಎದ್ದಿತು: ಹಾಗಾದರೆ ನಾನ್‌ವೆಜ್ ಎಂದು ಸಹಿ ಹಾಕಿದ್ದು ಯಾಕೆ? ಕಂಪನಿಗೆ ಸುಳ್ಳು ಮಾಹಿತಿ! ಇದರ ವಿಚಾರಣೆ ಆಗಬೇಕು, ಅಲ್ಲಿಯವರೆಗೆ ಹನ್ನೊಂದು ಜನರ ಕಾಯಂ ಪಟ್ಟಿ ತಡೆಹಿಡಿಯಲಾಗಿದೆ. ಕುರಿನೇ ಎಂದವಳು ನಾನು. ಹಾಲಿನಲ್ಲಿ ಹನ್ನೊಂದು ಜನ ಕೇಳಿಸಿಕೊಂಡಿದ್ದಾರೆ. ಒಬ್ಬರಾದರೂ ಅದನ್ನು ಉತ್ತರದಲ್ಲಿ ಬರೆಸಿರಲಿಲ್ಲ. ಮರೆತರೇ? ಬಿಟ್ಟರೇ? ಇಲ್ಲವೇ ವಿಚಾರಣೆಯ ದಿನ ಎಲ್ಲರೆದುರು ಹೇಳಲು ಇಟ್ಟುಕೊಂಡಿದ್ದಾರೆಯೇ?

ಓಬಳೇಶುವನ್ನು ಸುತ್ತುಬಳಸಿ ಕೇಳಿದೆ. ನಿಜ ಹೇಳುವುದಾದರೆ ಯಾರಿಗೆ ಹೇಳಬೇಕು ಎಂದು. ಅವನು ನನ್ನನ್ನು ಮರುಕದಿಂದ ನೋಡಿದ. ಅವನ ತೆಲುಗಿನಲ್ಲಿ ಕನ್ನಡಕಕ್ಕೆ ಕಣ್ಣದ್ದಾಲು.

"ಅಯ್ಯೋ ಅಮ್ಮಾ, ನಿಜಾನೂ ಪಾರ್ಟಿನೇ. ಫಾರಮ್ಮು ತಪ್ಪು ಅಂದ್ರೆ ಅದ್ಕೆ ಸಹಿ ಮಾಡಿದ್ದು ಕಣ್ಣದ್ದಾಲು ದೊರೆ. ನೀನು ಮೀಸೆ ಪಾರ್ಟಿ ಅಂತಾರೆ. ಬಾಯಿ ಮುಚ್ಚಿದ್ರೆ ಕಣ್ಣದ್ದಾಲು ಪಾರ್ಟಿ. ಸಾಯಂಕಾಲದೊಳ್ಗೆ ಆಲೋಚನೆ ಮಾಡು."

ಸಾಯಂಕಾಲವಲ್ಲ, ಎಂಟು ದಿನ ಆಲೋಚನೆ ಮಾಡಿದೆ. ಒಂದು ಸಣ್ಣ ಸತ್ಯಕ್ಕೂ ನಿಲ್ಲಲು ಬೇರೆ ಜಾಗವೇ ಇಲ್ಲದಷ್ಟು ಕಂಪನಿ ಇಕ್ಕಟ್ಟಾಗಿತ್ತೇ? ಅಷ್ಟು ದೊಡ್ಡ ಕಾಂಪೌಂಡು ಕಟ್ಟಿದ್ದರಲ್ಲ! ಅಪ್ಪನನ್ನು ಕೇಳೋಣವೆಂದರೆ, ಅವನಿಗೆ ಕಂಪನಿಯೆಂದರೆ ಗೋಣಿಚೀಲ ಕೊಳ್ಳುವ ಗಿರಾಕಿ. ಅವ್ವನನ್ನು ಕೇಳಿದೆ. ನಿನ್ನಿಂದ ಯಾರಾದರೂ ಹಸಿದು ಕೂತರಾ ಎಂದಳು. ಹೌದು ಎಂದೆ. ಮತ್ತೆ ಕೇಳುವುದೇನು ಎಂದು ಒಳಗೆ ಹೋದಳು. ಅವ್ವನಿಗೆ ಆಫೀಸಿನ ಸೂಕ್ಷ್ಮಗಳು ತಿಳಿಯುವುದಿಲ್ಲ.

ವಿಚಾರಣೆಗೆ ಬೊಂಬಾಯಿಯಿಂದ ಬಂದ ಅಧಿಕಾರಿಗೆ ಹಿಂದಿ, ಇಂಗ್ಲಿಷು ಮಾತ್ರ. ಬೋರಮ್ಮನಿಗೆ ಕನ್ನಡ, ಸ್ವಲ್ಪ ತೆಲುಗು. ನಡುವೆ ದುಭಾಷಿ ಬೇಕು. ಎರಡೂ ಕಡೆಯವರು ಒಪ್ಪಿದ ಒಂದೇ ಹೆಸರು ನನ್ನದು; ಯಾಕೆಂದರೆ ಎರಡೂ ಕಡೆಯವರು ನನ್ನನ್ನು ಸಮಾನವಾಗಿ ಅನುಮಾನಿಸುತ್ತಿದ್ದರು. ಹೀಗೆ ನನ್ನ ಮೇಲೆ ಬರಬಹುದಾದ ದೂರನ್ನು ನಾನೇ ಇಂಗ್ಲಿಷಿಗೆ ಅನುವಾದ ಮಾಡಿ ಒಪ್ಪಿಸುವ ಯೋಗ ನನಗೆ ಒದಗಿತು. ಜಾತಕದಲ್ಲಿ ಇಂಥ ಯೋಗಕ್ಕೆ ಹೆಸರಿದೆಯೋ ಇಲ್ಲವೋ.

ಅಧಿಕಾರಿ ಕೇಳಿದರು: ಕೋಳಿ ತಿನ್ನದವರು ನಾನ್‌ವೆಜ್ ಎಂದು ಯಾಕೆ ಸಹಿ ಹಾಕಿದಿರಿ? ನಾನು ಕನ್ನಡದಲ್ಲಿ ಕೇಳಿದೆ.

ಬೋರಮ್ಮ ನನ್ನ ಮುಖ ನೋಡಿದರು. ಬೀಜ ಆರಿಸುವಾಗ ನೋಡುವ ಹಾಗೆ, ಇದನ್ನು ಎತ್ತ ಕಡೆಗೆ ಹಾಕಲಿ ಎನ್ನುವ ಹಾಗೆ. ಆಮೇಲೆ ಹೇಳಿದರು: "ನಮ್ಗೆ ತಿಳೀಲಿಲ್ಲ ಅಂತ ಹೇಳವ್ವ. ಅಷ್ಟೇಯ."

ನಾನು ಬಾಯಿ ತೆರೆದೆ. ಅವರಿಗೆ ತಿಳಿಯಲಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ ಹೇಳಲು ನಾಲ್ಕೇ ಪದ ಸಾಕು. ನಾಲ್ಕೂ ನನಗೆ ಬರುತ್ತಿದ್ದವು. ಆದರೆ ಹೊರಗೆ ಬಂದದ್ದು ಬೇರೆ: ಅವರು ಯಾವ ಮಾಂಸ ಎಂದು ಕೇಳಿದ್ದರು, ನಾನು ಕುರಿ ಎಂದೆ, ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆನ್ನಲು ನಾಚಿಕೆಯಾಯಿತು, ಫಾರಮ್ಮಿನಲ್ಲಿ ಎರಡೇ ಕಾಲಮ್ಮು ಮಾಡಿದವಳೂ ನಾನೇ. ಜೀವಮಾನದಲ್ಲೇ ಮೊದಲ ಸಲ 'ಗೊತ್ತಿರಲಿಲ್ಲ' ಎಂದಿದ್ದು, ಅದೂ ಇಂಗ್ಲಿಷಿನಲ್ಲಿ. ಇದು ಮಹಾ ತ್ಯಾಗವೆಂದು ಕೋಣೆಯೇ ಸ್ತಬ್ಧವಾಗುತ್ತದೆ ಎಂದುಕೊಂಡಿದ್ದೆ. ಅಧಿಕಾರಿ ತಲೆಯಾಡಿಸಿ ಅದಷ್ಟನ್ನೂ ಬೋರಮ್ಮನ ಹೇಳಿಕೆಯೆಂದೇ ಬರೆದುಕೊಳ್ಳುತ್ತಿದ್ದರು. ಇದು ಅವರು ಹೇಳಿದ್ದಲ್ಲ, ನಾನು ಹೇಳಿದ್ದು ಎಂದೆ. ದುಭಾಷಿಯ ಸ್ವಂತ ಮಾತಿಗೆ ಹಾಳೆಯಲ್ಲಿ ಜಾಗವಿಲ್ಲವಲ್ಲ ಎಂದು ಅವರು ಗಲಿಬಿಲಿಗೊಂಡರು. ಕೊನೆಗೆ ಹಾಳೆಯ ಅಂಚಿನಲ್ಲಿ, ಗೆರೆಯ ಆಚೆ, ಸಣ್ಣಕ್ಷರದಲ್ಲಿ ಬರೆದರು. ಬೋರಮ್ಮ ಇದಾವುದೂ ಅರ್ಥವಾಗದೆ, ಇಷ್ಟು ಉದ್ದ ಏನು ಹೇಳುತ್ತಿದ್ದಾಳೆ ಇವಳು ಎಂದು ನನ್ನನ್ನೇ ನೋಡುತ್ತಿದ್ದರು.

ಇನ್ನು ನನ್ನ ಕಥೆ ಮುಗಿಯಿತು ಎಂದು ಮೇಜಿನ ಡ್ರಾಯರಿನಿಂದ ನನ್ನ ಅಡಿಪಟ್ಟಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ಆಗಿದ್ದೇ ಬೇರೆ. ಮೀಸೆ ಸಾಹೇಬರು ಕರೆದು ಮೆಣಸಿನಕಾಯಿ ಬೋಂಡ ಕೊಡಿಸಿದರು. ಅದು ಓಬಳೇಶು ಹೇಳಿದ ಪ್ರಕಾರವೇ. ಆದರೆ ಕನ್ನಡಕದ ಸಾಹೇಬರೂ ಕರೆದರು, ಭೇಷ್ ಎಂದರು, ನನ್ನ ಮೇಜಿಗೆ ಫ್ಯಾನು ಹಾಕಿಸಿದರು. ಇದು ಯಾಕೆ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಸ್ವಲ್ಪ ಹೊಳೆಯಿತು. ತಪ್ಪು ಇಬ್ಬರು ಸಾಹೇಬರ ನಡುವೆ ಉರುಳಾಡುತ್ತಿದ್ದಾಗ ಇಬ್ಬರಿಗೂ ನಿದ್ದೆಯಿರಲಿಲ್ಲ. ಅದೀಗ ಕೆಳಕ್ಕೆ ಉರುಳಿ ಒಬ್ಬ ಟ್ರೈನಿಯ ಮೇಲೆ ಬಿದ್ದಿತ್ತು. ಟ್ರೈನಿಯ ತಪ್ಪು ಯಾರ ತಪ್ಪೂ ಅಲ್ಲ. ಕಲಿಯಲೆಂದೇ ಇಟ್ಟುಕೊಂಡವಳು, ಕಲಿತಳು. ನನಗೆ ಶಿಕ್ಷೆಯನ್ನೂ ಕೊಡಲಿಲ್ಲ. ಅಷ್ಟು ಕಷ್ಟಪಟ್ಟು ತಪ್ಪೊಪ್ಪಿಕೊಂಡವಳಿಗೆ ಇದೊಂದು ಅವಮಾನವೇ.

ಆದರೆ ಬೋರಮ್ಮನ ಫೈಲು ಮುಚ್ಚಲಿಲ್ಲ. ಅವರ ತಪ್ಪಿಲ್ಲವೆಂದು ಸಾಬೀತಾಗಿದೆ, ಸರಿ. ಆದರೆ ಫೈಲು ತೆರೆದದ್ದು ಅವರ ಹೆಸರಿನಲ್ಲಿ, ಮುಚ್ಚಬೇಕಾದರೆ ಅವರಿಂದ ಒಂದು ವಿಷಾದಪತ್ರ ಬೇಕು. ತಪ್ಪಿಲ್ಲದ ಮೇಲೆ ವಿಷಾದ ಯಾತಕ್ಕೆ ಎಂದು ಕೇಳಿದೆ. ತಪ್ಪಿದ್ದಿದ್ದರೆ ಕ್ಷಮಾಪಣೆ ಬರೆಸಿಕೊಳ್ಳುತ್ತಿದ್ದೆವು, ತಪ್ಪಿಲ್ಲದ್ದಕ್ಕೇ ಬರೀ ವಿಷಾದ ಎಂದು ಕನ್ನಡಕದ ಸಾಹೇಬರು ಹೇಳಿದರು. ಅವರ ಮುಖದಲ್ಲಿ ಎಳ್ಳಷ್ಟೂ ನಗುವಿರಲಿಲ್ಲ. ಪತ್ರ ಬಂದರೆ ಹನ್ನೊಂದು ಜನರೂ ಕಾಯಂ, ಬರದಿದ್ದರೆ ಹನ್ನೊಂದು ಜನರೂ ಮಾರ್ಚಿ ಕೊನೆಗೆ ಮನೆಗೆ, ಈ ಸಲ ನಾಲ್ಕು ದಿನ ಬಿಟ್ಟು ವಾಪಸು ಕರೆಯುವುದಿಲ್ಲ.

ಭೋಜನ ಮಾಡದೆ ಅತಿಥಿಗಳ ಮನಸ್ಸಿಗೆ ನೋವುಂಟುಮಾಡಿದ ನನ್ನ ವರ್ತನೆಗೆ ವಿಷಾದಿಸುತ್ತೇನೆ ಎಂದು ನಾನೇ ಚೆಂದವಾಗಿ ಟೈಪು ಮಾಡಿಕೊಂಡು ಹಾಲಿಗೆ ಹೋದೆ. ಓದಿ ಹೇಳಿದೆ. ಹತ್ತೂ ಜನ ಬೆರಳು ನಿಲ್ಲಿಸಿ ಬೋರಮ್ಮನನ್ನು ನೋಡಿದರು. ಅವರಲ್ಲಿ ಒಬ್ಬಾಕೆ ಬಸುರಿಯಾಗಿದ್ದಳು, ಒಬ್ಬಾಕೆಯ ಗಂಡ ಕಾಲು ಮುರಿದುಕೊಂಡು ಬಿದ್ದಿದ್ದ. ಬೋರಮ್ಮ ಕೈಯಲ್ಲಿದ್ದ ಬೀಜ ಕೆಳಗಿಟ್ಟರು. ಕೆಲಸದ ಹೊತ್ತಿನಲ್ಲಿ ಅವರ ಕೈ ಖಾಲಿಯಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಸ್ಕೊಂಡಿದ್ದೆ ಅಂತ ಬೇಕಾದ್ರೆ ಬರಿ. ಅದು ದಿಟ. ತಪ್ ಮಾಡ್ದೆ ಅಂತ ಬರೀಬ್ಯಾಡ."

ನಾನು ವಾಪಸು ಬಂದು ಹೊಸ ಹಾಳೆ ಸಿಕ್ಕಿಸಿದೆ. ಅವರು ಹೇಳಿದ್ದನ್ನೇ ಟೈಪು ಮಾಡಿದೆ: 'ಆ ದಿನ ಊಟದ ಹೊತ್ತಿನಲ್ಲಿ ನಾನು ಬಹಳ ಹಸಿದಿದ್ದೆ. ಹಾಗೆ ಹಸಿದುಕೊಂಡು ಕೂರಬೇಕಾಗಿ ಬಂದದ್ದಕ್ಕೆ ವಿಷಾದವಿದೆ.' ಎರಡನೆಯ ವಾಕ್ಯ ನನ್ನ ಕೈಚಳಕ. ಬೋರಮ್ಮನಿಗೆ ಅದನ್ನೂ ಓದಿ ಹೇಳಿದೆ. ಸ್ವಲ್ಪ ಯೋಚಿಸಿ, ಇದೂ ದಿಟನೇ ಎಂದು ಬಿಡಿಸಿ ಬಿಡಿಸಿ ಸಹಿ ಹಾಕಿದರು.

ಕನ್ನಡಕದ ಸಾಹೇಬರು ಪತ್ರದ ಮೇಲೆ ಕಣ್ಣಾಡಿಸಿ, ವಿಷಾದ ಎಂಬಲ್ಲಿ ಬೆರಳಿಟ್ಟು, ಬಂತಲ್ಲ ಎಂದರು. ಮೀಸೆ ಸಾಹೇಬರೂ ಅಲ್ಲಿಯೇ ಬೆರಳಿಟ್ಟರು. ಬೊಂಬಾಯಿಯಿಂದ 'ವಿಷಾದವನ್ನು ಸ್ವೀಕರಿಸಲಾಗಿದೆ' ಎಂದು ಉತ್ತರ ಬಂತು, ಮೂರು ಪ್ರತಿಗಳಲ್ಲಿ. ಯಾರದು, ಯಾತಕ್ಕೆ ಎಂದು ಯಾರೂ ಓದಿರಲಿಲ್ಲವೋ, ಓದಿಯೂ ಸುಮ್ಮನಿದ್ದರೋ ನನಗೆ ತಿಳಿಯದು. ಹನ್ನೊಂದು ಜನರ ಕಾಯಂ ಆದೇಶವನ್ನು ನಾನೇ ಟೈಪು ಮಾಡಿದೆ. ಅದರ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಆಡಳಿತಾತ್ಮಕ ಕಾರಣಗಳಿಂದ ಬೋರಮ್ಮನನ್ನು ಮೊಳಕಾಲ್ಮೂರಿನ ಡಿಪೋಗೆ ವರ್ಗಾಯಿಸಲಾಗಿದೆ. ಸುಳ್ಳು ಹೇಳಿದ ನನಗೆ ಫ್ಯಾನು, ಹಸಿದು ಕೂತ ಅವರಿಗೆ ಮೊಳಕಾಲ್ಮೂರು. ತಿರುಗುವ ಕುರ್ಚಿಗೆ ಬೊಂಬಾಯಿಯಿಂದ ಮೂರನೆ ಸಾಹೇಬರೊಬ್ಬರು ಬಂದು ಕೂತರು. ಅಂದಿನಿಂದ ಮೀಸೆ, ಕನ್ನಡಕ ಇಬ್ಬರೂ ಹತ್ತೂಮುಕ್ಕಾಲಿಗೆ ಒಟ್ಟಿಗೆ ಚಹಾ ಕುಡಿಯುತ್ತಿದ್ದಾರೆ.

ಬೋರಮ್ಮನನ್ನು ಬಸ್ಸು ಹತ್ತಿಸಲು ನಾನೂ ಸ್ಟ್ಯಾಂಡಿಗೆ ಹೋದೆ. ಕಿಟಕಿಯ ಪಕ್ಕ ಕೂತಿದ್ದರು. ಮೊಳಕಾಲ್ಮೂರು ದೂರವಲ್ಲವೇ, ಸಿಟ್ಟಿಲ್ಲವೇ ಎಂದು ಕೇಳಿದೆ. ಹತ್ತು ಜನ ಇಲ್ಲೇ ಉಳಿದರಲ್ಲ, ಒಬ್ಬಳು ಹೋದರೇನು ಎಂದರು. ಇಷ್ಟು ದಿನದಲ್ಲಿ ಯಾವ ಸಾಹೇಬರೂ, ಯಾವ ಅಧಿಕಾರಿಯೂ, ನಾನೂ ಕೇಳದೆ ಉಳಿದಿದ್ದ ಒಂದು ಪ್ರಶ್ನೆ ಆಗ ನೆನಪಾಯಿತು. ಆ ದಿನ ಎಲೆ ಬಿಟ್ಟು ಎದ್ದ ಮೇಲೆ ಏನು ತಿಂದಿರಿ ಎಂದೆ.

ಬೋರಮ್ಮ ಆಚೆ ಈಚೆ ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ದನಿ ತಗ್ಗಿಸಿದರು.

"ಹಾಲ್ನಾಗೆ ಹೋಗಿ ಬಾಗ್ಲಾಕ್ಕೊಂಡು, ಹನ್ನೊಂದ್ ಜನಾನೂ ರಫ್ತಿನ ಬೀಜ ತಿಂದ್ವಿ. ಹೊಟ್ಟೆ ತುಂಬ."

ಆ ಬೀಜ ಒಂದನ್ನು ಬಾಯಿಗೆ ಹಾಕಿಕೊಂಡವರನ್ನೂ ಆ ಗಳಿಗೆಯಲ್ಲೇ ಗೇಟಿನಿಂದಾಚೆ ಕಳಿಸಬೇಕೆಂದು ಗೋಡೆಯ ಮೇಲೆ ನಿಯಮ ಅಂಟಿಸಿದೆ, ಟೈಪು ಮಾಡಿದವಳು ನಾನೇ. ಮೂರು ತಿಂಗಳು ಇಡೀ ಕಂಪನಿ ಹುಡುಕಿದ್ದು ಆಗದ ತಪ್ಪನ್ನು; ಆದ ತಪ್ಪು ಹನ್ನೊಂದು ಹೊಟ್ಟೆಗಳಲ್ಲಿ ನೆಮ್ಮದಿಯಾಗಿ ಅರಗಿಹೋಗಿತ್ತು. ಅದನ್ನು ತಪ್ಪು ಎನ್ನಬೇಕೋ, ಊಟ ಎನ್ನಬೇಕೋ, ಕಂಪನಿಯೇ ಕೊಡಬೇಕಿದ್ದ ಔತಣವೆನ್ನಬೇಕೋ ಎಂದು ನಾನು ಅಲ್ಲೇ ಗೊಂದಲದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಡ್ರೈವರು ಗಾಡಿ ಚಾಲೂ ಮಾಡಿದ.

ಚೆನ್ನಾಗಿತ್ತಾ ಎಂದು ಕೇಳುವುದಷ್ಟೇ ನನ್ನಿಂದ ಆದದ್ದು.

"ಯಾರಿಗೊತ್ತಿತ್ತವ್ವ ಅಷ್ಟು ರುಚಿ ಇರ್ತೈತೆ ಅಂತ," ಎಂದರು ಬೋರಮ್ಮ. "ಹನ್ನೆರಡು ವರ್ಷ ಬರೇ ಆರ್ಸಿದ್ದೆ."